ತಲೆ ತಿಂದ ಅಜ್ಜಿಯನ್ನು ಹುಡುಕಿಕೊಂಡು

ಟೊರೆನ್ಸ್

ಲಾಸ್ ಏಂಜಲಿಸ್ ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆಗಳನ್ನು ಕಾರಿಗೆ ಎತ್ತಿ ಹಾಕುತ್ತ ತಮ್ಮ ಗಿರೀಶ ಕೇಳಿದ, "ಅಕ್ಕಾ, ಮೊದಲ ಏನ್ ನೋಡ್ತಿ?"

"ಕೊರಿಯಾ" ಎಂದೆ.

ವಿಮಾನದ ಆಯಾಸಕ್ಕೆ ನನ್ನ ತಲೆ ಕೆಟ್ಟಿದೆ ಎಂದು ಅವನು ಭಾವಿಸಿರಬೇಕು. "ಮೊದಲ ಮನೀಗೆ ಹೋಗಿ ಮಲಗು" ಎಂದ.

ನನ್ನ ತಲೆ ನೆಟ್ಟಗೇ ಇತ್ತು. ಹುಬ್ಬಳ್ಳಿಯಲ್ಲಿ ನಾನು ಫಿಜಿಯೋಥೆರಪಿಸ್ಟ್. ಜನರ ಸೊಂಟ, ಮೊಣಕಾಲು, ಹೆಗಲು ತಿದ್ದುವುದೇ ಬದುಕು. ಲಾಕ್‌ಡೌನಿನಲ್ಲಿ ಕ್ಲಿನಿಕ್ಕು ಮುಚ್ಚಿ, ಕೈಗೆ ಕೆಲಸವಿಲ್ಲದೆ ಕೂತಾಗ ಮೊಬೈಲಿನಲ್ಲಿ ಒಂದು ಕನ್ನಡ ಬ್ಲಾಗು ಸಿಕ್ಕಿತು. ಹೆಸರು 'ಕಿಮ್ಚಿ ಕೋಸಂಬರಿ'. ಬರೆಯುತ್ತಿದ್ದವಳು ಬೆಂಗಳೂರಿನ ಶಾಲಿನಿ. ಗಂಡನಿಗೆ ಕೊರಿಯಾದಲ್ಲಿ ಕೆಲಸ; ಸೋಲ್ ನಗರದ ಹೊರವಲಯದ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಸ. ಅವಳ ಬರಹದಲ್ಲಿ ಅರಮನೆಗಳೂ ಇರಲಿಲ್ಲ, ಸಿನಿಮಾ ತಾರೆಯರೂ ಇರಲಿಲ್ಲ. ಕಸ ಬೇರೆ ಮಾಡುವುದರಲ್ಲಿ ತಪ್ಪಿದ್ದಕ್ಕೆ ವಾಚ್‌ಮನ್ ಪಾಠ ಹೇಳಿದ್ದು, ಚಳಿಗಾಲದಲ್ಲಿ ನೆಲದ ಕೆಳಗಿಂದ ಬರುವ ಬಿಸುಪು, ಪರಿಚಯವಾದ ಕೂಡಲೇ ವಯಸ್ಸು ಕೇಳುವ ಜನ, ಇಂಥವೇ. ನಮ್ಮಲ್ಲಿ ಯಾವೂರು ಎಂದು ಕೇಳದೆ ಮಾತು ಮುಂದುವರಿಯುವುದಿಲ್ಲವಲ್ಲ, ಹಾಗೆ ಅವರಿಗೆ ವಯಸ್ಸಂತೆ. ದೊಡ್ಡವರೋ ಚಿಕ್ಕವರೋ ತಿಳಿಯದಿದ್ದರೆ ಆ ಭಾಷೆಯಲ್ಲಿ ಕ್ರಿಯಾಪದಕ್ಕೆ ಯಾವ ರೂಪ ಹಾಕಬೇಕೆಂದೇ ಗೊತ್ತಾಗದು.

ಆ ಬ್ಲಾಗಿನ ಜೀವ ಎಂದರೆ ಮೂರನೇ ಮಹಡಿಯ ಅಜ್ಜಿ. ಕೊರಿಯನ್ ಭಾಷೆಯಲ್ಲಿ ಅಜ್ಜಿಗೆ 'ಹಲ್ಮೊನಿ'. ಐದನೇ ಮಹಡಿಯ ಶಾಲಿನಿಯ ಮನೆಗೆ ಹೊತ್ತುಗೊತ್ತಿಲ್ಲದೆ ಬಂದು, ಫ್ರಿಜ್ ತೆರೆದು ನೋಡಿ, ಬೈದು, ಅಡುಗೆ ಕಲಿಸಿ ಹೋಗುತ್ತಿದ್ದ ಮುದುಕಿ. ಶಾಲಿನಿ ಸಸ್ಯಾಹಾರಿ ಎಂದು ತಿಳಿದ ಮೇಲೆ ಅವಳಿಗಾಗಿಯೇ ಮೀನಿನ ರಸ ಹಾಕದ ಕಿಮ್ಚಿ, ಅಂದರೆ ಕೋಸಿನ ಖಾರದ ಉಪ್ಪಿನಕಾಯಿ, ಮಾಡಿಕೊಡುತ್ತಿದ್ದಳು. ಪ್ರತಿ ಬರಹದ ಕೆಳಗೆ ನಾನು 'ಹುಬ್ಬಳ್ಳಿ ಗಂಗಾ' ಎಂಬ ಹೆಸರಿನಲ್ಲಿ ಎರಡು ಸಾಲು ಬರೆಯುತ್ತಿದ್ದೆ. ಅಜ್ಜಿಯ ಸೊಂಟನೋವಿಗೆ ವ್ಯಾಯಾಮವನ್ನೂ ಹೇಳಿದ್ದೆ. ಶಾಲಿನಿ 'ಗಂಗಕ್ಕ' ಎನ್ನತೊಡಗಿದಳು. ಹಾಗಿರುವಾಗ ಒಂದು ದಿನ ಬ್ಲಾಗು ತೆರೆಯಲೇ ಇಲ್ಲ. ಅದಾಗಿ ಕೆಲವು ತಿಂಗಳಿಗೆ ಒಂದು ಮೆಸೇಜು ಬಂತು: 'ಗಂಗಕ್ಕ, ನಾವು ಸ್ಯಾನ್ ಡಿಯಾಗೋಗೆ ಶಿಫ್ಟ್ ಆದ್ವಿ. ಬರೆಯೋದು ಬಿಟ್ಟೆ.' ಕಾರಣ ಬರೆದಿರಲಿಲ್ಲ.

ಆದ್ದರಿಂದ ಟೊರೆನ್ಸಿನ ತಮ್ಮನ ಮನೆಗೆ ಬಂದಿದ್ದು ಒಂದು ನೆಪ. ಶಾಲಿನಿಯನ್ನು ಕಾಣಬೇಕಿತ್ತು. ಹಾಗೆಯೇ, ಕೊರಿಯಾ ದೂರವಾದರೂ, ಈ ಊರಿನಲ್ಲೇ ಇರುವ ಕೊರಿಯಾಟೌನನ್ನಾದರೂ ನೋಡಬೇಕಿತ್ತು.

ನನ್ನ ಈ ಹುಚ್ಚಿಗೆ ಮನೆಯಲ್ಲಿ ಒಬ್ಬಳೇ ಜೊತೆಗಾತಿ ಸಿಕ್ಕಿದಳು, ಗಿರೀಶನ ಮಗಳು ಅನಿಕಾ. ಹೈಸ್ಕೂಲಿನ ಹುಡುಗಿ. ನಾನು ಕನ್ನಡದಲ್ಲಿ ಕೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಕೊರಿಯನ್ ಧಾರಾವಾಹಿ ನೋಡಿ ನೋಡಿ, ಆಮೇಲೆ ಶಾಲೆಯಲ್ಲೂ ಅದನ್ನೇ ತೆಗೆದುಕೊಂಡು, ಆ ಭಾಷೆಯನ್ನು ಚೆನ್ನಾಗಿ ಕಲಿತಿದ್ದಳು.

"ನೋಡ ಅಕ್ಕಾ" ಎಂದ ಗಿರೀಶ ಊಟಕ್ಕೆ ಕೂತಾಗ. "ಹುಬ್ಬಳ್ಳಿ ಮೊಮ್ಮಗಳು. ಕನ್ನಡಕ್ಕ ಬಾಯಿ ತಿರುಗೂದಿಲ್ಲ, ಕೊರಿಯನ್‌ಗೆ ತಿರುಗತೈತಿ."

"ಡ್ಯಾಡ್, ಪ್ಲೀಸ್" ಎಂದಳು ಅನಿಕಾ. ಆಮೇಲೆ ನನ್ನ ಕಡೆ ತಿರುಗಿ, "ಅತ್ತೆ, ಐ ವಿಲ್ ಟೇಕ್ ಯೂ" ಎಂದಳು.

ಕೊರಿಯಾಟೌನ್

ಆದರೆ ಅವಳಿಗೆ ಶಾಲೆ. ಹಾಗಾಗಿ ಮೊದಲ ಸಲ ನನ್ನನ್ನು ಅಲ್ಲಿಗೆ ಕರೆದೊಯ್ದವಳು ಅವಳ ಅಮ್ಮ ರೂಪಾ. "ಅಕ್ಕಾ, ಮೈಕೈ ನೋವೆಲ್ಲ ಹೋಗಿಬಿಡತಾವ" ಎಂದು ಒಂದು ಕೊರಿಯನ್ ಸ್ನಾನದ ಮನೆಗೆ ಕರೆತಂದಳು. ಅಲ್ಲಿನ ಪದ್ಧತಿಯ ಬಗ್ಗೆ ಒಂದು ಮುಖ್ಯ ವಿಷಯವನ್ನು ಹೇಳಲು ಮರೆತಿದ್ದಳು, ಅಥವಾ ಹೇಳಿದರೆ ನಾನು ಬರುವುದಿಲ್ಲವೆಂದು ಮರೆತಂತೆ ಮಾಡಿದ್ದಳು. ಹೆಂಗಸರ ವಿಭಾಗದ ಬಾಗಿಲು ದಾಟಿದರೆ ಒಬ್ಬರ ಮೈಮೇಲೂ ಬಟ್ಟೆಯಿಲ್ಲ!

ಎಲ್ಲ ವಯಸ್ಸಿನ ಹೆಂಗಸರು ಬಿಸಿನೀರಿನ ಕೊಳಗಳಲ್ಲಿ ಕೂತು ಹರಟುತ್ತಿದ್ದರು, ನಮ್ಮ ಓಣಿಯ ನಲ್ಲಿಯ ಹತ್ತಿರ ಕೊಡ ಇಟ್ಟು ನಿಂತವರ ಹಾಗೆ. ನನ್ನ ಕೈಗೊಂದು ಟವಲು ಕೊಟ್ಟಿದ್ದರು. ಅದು ಕರವಸ್ತ್ರಕ್ಕಿಂತ ತುಸು ದೊಡ್ಡದು. ಮುಂದೆ ಹಿಡಿದರೆ ಹಿಂದಿಲ್ಲ, ಹಿಂದೆ ಹಿಡಿದರೆ ಮುಂದಿಲ್ಲ. ಗೋಡೆಗೆ ಬೆನ್ನು ಹಚ್ಚಿ ಏಡಿಯ ಹಾಗೆ ಅಡ್ಡಡ್ಡ ನಡೆದೆ. ಒಬ್ಬ ಮುದುಕಿ ನನ್ನ ಅವಸ್ಥೆ ನೋಡಿ, ಆ ಟವಲನ್ನು ತೆಗೆದುಕೊಂಡು, ಮಡಚಿ, ನನ್ನ ತಲೆಯ ಮೇಲಿಟ್ಟು, ನೀರಿನ ಕಡೆ ಕೈ ತೋರಿಸಿದಳು. ಇಳಿದೆ. ಕೊರಳವರೆಗೆ ಬಿಸಿನೀರು ಬಂದ ಮೇಲೆ ನಾಚಿಕೆ ತಾನಾಗಿ ಕರಗಿತು. ನನ್ನನ್ನು ಯಾರೂ ನೋಡುತ್ತಿರಲಿಲ್ಲ. ಇಷ್ಟು ವರ್ಷ ಯಾರೋ ನೋಡುತ್ತಾರೆಂದು ಹೊಟ್ಟೆ ಒಳಗೆಳೆದುಕೊಂಡು ಬದುಕಿದ್ದು ದಂಡವಾಯಿತಲ್ಲ ಎನಿಸಿತು.

ಆಮೇಲೆ ಮೈ ಉಜ್ಜುವ ಸರದಿ. ಕಪ್ಪು ಒಳಉಡುಪಿನ ದಪ್ಪ ಹೆಂಗಸೊಬ್ಬಳು ನನ್ನನ್ನು ಮೇಜಿನ ಮೇಲೆ ಮಲಗಿಸಿ, ಕೈಗೆ ಹಸಿರು ಒರಟು ಚೀಲ ತೊಟ್ಟು ತಿಕ್ಕತೊಡಗಿದಳು. ದೀಪಾವಳಿಗೆ ಅವ್ವ ಎಣ್ಣೆ ಹಚ್ಚಿ, ಕಡಲೆಹಿಟ್ಟಿನಿಂದ ತಿಕ್ಕುತ್ತಿದ್ದಳಲ್ಲ, ಅದರ ಹತ್ತು ಪಟ್ಟು. ಬೆನ್ನಿಗೆ ಎರಡು ಸಲ ಪಟಪಟ ಬಾರಿಸಿದರೆ ಮಗ್ಗಲು ತಿರುಗಬೇಕು ಎಂದು ಅರ್ಥ. ಒತ್ತಿಟ್ಟ ಶಾವಿಗೆಯಂಥ ಕೊಳೆಯ ಎಳೆಗಳನ್ನು ನನ್ನ ಕಣ್ಣ ಮುಂದೆ ಹಿಡಿದು, ತಲೆಯಲ್ಲಾಡಿಸಿ, ಮತ್ತೆ ತಿಕ್ಕಿದಳು. ಎದ್ದಾಗ ನನ್ನ ಚರ್ಮ ಹೊಸ ಕೂಸಿನ ಹಾಗಿತ್ತು.

ಅವಳು ಚೀಲ ಕಳಚುವಾಗ ಹೆಬ್ಬೆರಳಿನ ಬುಡವನ್ನು ಒತ್ತಿಕೊಂಡು ಮುಖ ಹಿಂಡಿದ್ದು ಕಂಡಿತು. ಕಸುಬು ಬಿಡಬೇಕಲ್ಲ! ಅವಳ ಮಣಿಕಟ್ಟು ಹಿಡಿದು, ಹೇಗೆ ಚಾಚಬೇಕು, ಹೇಗೆ ಸಡಿಲಿಸಬೇಕು ಎಂದು ತೋರಿಸಿದೆ. ಅವಳೂ ಮಾಡಿದಳು. ನಮ್ಮಿಬ್ಬರಿಗೂ ತಿಳಿಯುವ ಮಾತು ಒಂದೂ ಇರಲಿಲ್ಲ. ಕೊನೆಗೆ ಅವಳು ಬೆರಳು ಮಡಚಿ ನನ್ನ ವಯಸ್ಸು ಕೇಳಿದಳು. ನಾನೂ ಬೆರಳಲ್ಲೇ ಹೇಳಿದೆ. ತನಗಿಂತ ಹಿರಿಯಳೆಂದು ತಿಳಿದ ಕೂಡಲೇ ನಡು ಬಾಗಿಸಿ ವಂದಿಸಿದಳು. ಬರಿಮೈಯಲ್ಲಿ ನಿಂತು ನಮಸ್ಕಾರ ಸ್ವೀಕರಿಸಿದ್ದು ಜೀವನದಲ್ಲಿ ಅದೇ ಮೊದಲು.

ಶಾಲಿನಿ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ ಎಂದುಕೊಂಡು ಮನೆಗೆ ಬಂದೆ.

ಸ್ಯಾನ್ ಡಿಯಾಗೋ ರೈಲು

ವಾರದ ಮಧ್ಯದಲ್ಲಿ ಗಿರೀಶ ನನ್ನನ್ನು ರೈಲು ಹತ್ತಿಸಿದ. ಸಮುದ್ರ ಕಾಣುವ ಕಡೆ ಕೂರಬೇಕೆಂದು ಎಲ್ಲರೂ ಹೇಳಿದ್ದರು. ನಾನು ಎಡಬಲ ಗೊಂದಲ ಮಾಡಿಕೊಂಡು ಬೆಟ್ಟದ ಕಡೆ ಕೂತೆ. ಬಹಳ ದೂರ ಗೋದಾಮುಗಳು, ಕಾರುಗಳ ಗುಜರಿಗಳು, ಜನರ ಹಿತ್ತಿಲುಗಳೇ ಕಂಡವು. ಆಮೇಲೆ ಡಬ್ಬಿಯ ಜನರೆಲ್ಲ ಒಮ್ಮೆಲೇ ಆಚೆ ಕಿಟಕಿಗೆ ತಿರುಗಿದರು. ಕೂತಲ್ಲೇ ಕುತ್ತಿಗೆ ಚಾಚಿದೆ. ಆಚೆ ಸಾಲಿನ ಒಬ್ಬ ಹೆಂಗಸು ನಕ್ಕು, ಎದ್ದು, ತನ್ನ ಜಾಗ ಬಿಟ್ಟುಕೊಟ್ಟಳು. "ನಾನು ದಿನಾ ನೋಡುತ್ತೇನೆ" ಎಂದಳು.

ಹಳಿಯ ಪಕ್ಕದಲ್ಲೇ ಸಮುದ್ರ. ಅಲೆ ಬಂದರೆ ಗಾಲಿ ತೋಯುತ್ತದೇನೋ ಎನ್ನುವಷ್ಟು ಹತ್ತಿರ. ಈ ನೀರಿನ ಆಚೆ ದಡದ ಕಡೆ ಕೊರಿಯಾ ಇದೆ ಎಂದು ನೆನಪಾಗಿ, ನಾನು ಹೋಗುತ್ತಿರುವುದು ಸರಿಯಾದ ದಾರಿಯಲ್ಲೇ ಎಂದು ಸಮಾಧಾನವಾಯಿತು.

ಕಾರ್ಮೆಲ್ ವ್ಯಾಲಿ

ನಿಲ್ದಾಣದಲ್ಲಿ ಶಾಲಿನಿ ನನ್ನನ್ನು ನೋಡಿ ಕೈ ಮುಗಿಯುವ ಬದಲು ನಡು ಬಾಗಿಸಿದಳು. ಆಮೇಲೆ ನಾಲಿಗೆ ಕಚ್ಚಿಕೊಂಡು, "ಅಯ್ಯೋ ಗಂಗಕ್ಕ, ಅಭ್ಯಾಸ ಇನ್ನೂ ಹೋಗಿಲ್ಲ" ಎಂದು ಅಪ್ಪಿಕೊಂಡಳು. ನಾನು ತಂದಿದ್ದ ಗುರೆಳ್ಳು ಚಟ್ನಿಪುಡಿಯನ್ನು ಎರಡೂ ಕೈ ಒಡ್ಡಿ ತೆಗೆದುಕೊಂಡಳು. ಹಿರಿಯರಿಂದ ಒಂದೇ ಕೈಯಲ್ಲಿ ತೆಗೆದುಕೊಂಡರೆ ಕೊರಿಯಾದಲ್ಲಿ ಅಗೌರವ.

ಕಾರ್ಮೆಲ್ ವ್ಯಾಲಿ ಎಂಬ ಬಡಾವಣೆಯ ಅವಳ ಮನೆಯ ಬೀದಿಯಲ್ಲಿ ಮಧ್ಯಾಹ್ನವಾದರೆ ಸಾಕು, ಅಮ್ಮಂದಿರ ಕಾರುಗಳು ಸಾಲುಗಟ್ಟುತ್ತವೆ. ಶಾಲೆಯಿಂದ ಈಜಿಗೆ, ಈಜಿನಿಂದ ಪಿಯಾನೋಗೆ, ಅಲ್ಲಿಂದ ಗಣಿತಕ್ಕೆ. ಶಾಲಿನಿಯೂ ಮಗನನ್ನು ಹಾಗೆ ಎರಡು ಕಡೆ ಇಳಿಸಿ ಬಂದ ಮೇಲೆ ನಾವು ಅಡುಗೆಮನೆಯಲ್ಲಿ ಕೂತೆವು. ಒಂದು ಮೂಲೆಯಲ್ಲಿ ಕಿಮ್ಚಿಗಾಗಿಯೇ ಇರುವ ಪುಟ್ಟ ಫ್ರಿಜ್ಜು. ಬಾಗಿಲು ತೆರೆದು ನೋಡಿದೆ. ಒಳಗೆ ಮಕ್ಕಳ ಜ್ಯೂಸು ಇತ್ತು.

"ಯಾಕ ನಿಲ್ಲಿಸಿದಿ?" ಎಂದು ನೇರವಾಗಿ ಕೇಳಿದೆ.

ಚಹಾದ ಲೋಟವನ್ನು ತಿರುಗಿಸುತ್ತ ಅವಳು ಹೇಳಿದಳು. "ಅಜ್ಜಿ ನಂಗೆ ಕಿಮ್ಚಿ ಕಲಿಸಿದ್ದು ಬರೆದಿದ್ದೆ, ನೆನಪಿದ್ಯಾ? ಅದ್ರಲ್ಲಿ 'ಉಪ್ಪು ಸಾಲದು, ಉಪ್ಪು ಸಾಲದು ಎಂದು ಅಜ್ಜಿ ನನ್ನ ತಲೆ ತಿಂದರು' ಅಂತಿತ್ತು."

"ಹೌದು, ನಾ ಭಾಳ ನಕ್ಕಿದ್ದೆ."

"ಅಜ್ಜಿ ಮಗಳು ಲಾಸ್ ಏಂಜಲಿಸಲ್ಲಿ ಇರೋದು. ಅವ್ರಿಗೆ ಯಾರೋ ಲಿಂಕ್ ಕಳಿಸಿದಾರೆ. ಅವ್ರು ಅದನ್ನ ಫೋನಲ್ಲಿ ಟ್ರಾನ್ಸ್‌ಲೇಟ್ ಮಾಡಿ ಓದಿದಾರೆ. ಏನು ಬಂದಿರತ್ತೆ ಹೇಳಿ?"

ನಾನು ಯೋಚಿಸಿದೆ. ಉಪ್ಪು ಕಡಿಮೆಯಿದೆ ಎನ್ನುತ್ತ ನಮ್ಮ ತಾಯಿ ಈ ಪರದೇಶದ ಹೆಂಗಸಿನ ತಲೆಯನ್ನು ತಿಂದಳು. ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಶಾಲಿನಿ ನಗಲಿಲ್ಲ.

"ಅವ್ರು ಕೆಳಗಡೆ ಕಾಮೆಂಟ್ ಹಾಕಿದ್ರು ಗಂಗಕ್ಕ. ನಮ್ಮಮ್ಮ ನಿನಗೆ ಅನ್ನ ಹಾಕಿದಳು, ನೀನು ಅವಳನ್ನು ರಾಕ್ಷಸಿ ಮಾಡಿದೆ, ಇದನ್ನು ಅವಳಿಗೂ ಓದಿ ಹೇಳಿದ್ದೇನೆ ಅಂತ. ಆವತ್ತೇ ಬ್ಲಾಗ್ ಮುಚ್ಚಿದೆ. ಅಜ್ಜಿ ಮನೆಗೆ ಹೋಗೋಕೆ ಧೈರ್ಯ ಬರ್ಲಿಲ್ಲ. ಅಷ್ಟರಲ್ಲೇ ನಮಗೆ ಇಲ್ಲಿಗೆ ಹೊರಡೋದಾಯ್ತು. ಹೇಳ್ದೇನೇ ಬಂದ್ಬಿಟ್ಟೆ."

"ಅಜ್ಜಿ ಈಗ ಎಲ್ಲಿದಾರ?"

"ಮಗಳ ಹತ್ರಾನೇ ಬಂದಿದಾರಂತೆ. ಕೊರಿಯಾಟೌನಲ್ಲಿ ಅವ್ರದೊಂದು ಪಲ್ಯ, ಉಪ್ಪಿನಕಾಯಿ ಅಂಗಡಿ ಇದೆ. ಹಳೇ ಬಿಲ್ಡಿಂಗಿನೋರು ಹೇಳಿದ್ರು. ಅಡ್ರೆಸ್ ಕೂಡ ಇದೆ."

ನನ್ನ ನಗು ನಿಂತಿತು. ಕೆಲವೇ ಗಂಟೆಗಳ ದಾರಿ! ಈ ಹುಡುಗಿ ಆ ವಿಳಾಸ ಇಟ್ಟುಕೊಂಡು, ಜ್ಯೂಸು ತುಂಬಿದ ಫ್ರಿಜ್ಜಿನ ಪಕ್ಕ ಕೂತಿದ್ದಾಳೆ.

"ಶನಿವಾರ ಹೋಗೂಣು" ಎಂದೆ.

"ಹೊರಗೆ ಹಾಕಿದ್ರೆ?"

"ಇಬ್ಬರನ್ನೂ ಹಾಕ್ಲಿ. ನನ್ನ ತಮ್ಮನ ಕಾರು ಹೊರಗ ನಿಂತಿರತೈತಿ."

ಮತ್ತೆ ಕೊರಿಯಾಟೌನ್

ಶನಿವಾರದವರೆಗೆ ನಾನು ಶಾಲಿನಿಯ ಮನೆಯಲ್ಲೇ ಉಳಿದೆ. ಆ ಬೆಳಿಗ್ಗೆ ಅವಳ ಕಾರಿನಲ್ಲಿ ಹೊರಟೆವು. ದಾರಿಯಲ್ಲಿ ಅವಳು ಎರಡು ಸಲ ಕಾರು ನಿಲ್ಲಿಸಿದಳು. ಒಮ್ಮೆ ಬಾಯಾರಿಕೆ ಎಂದಳು, ಒಮ್ಮೆ ತಲೆನೋವು ಎಂದಳು. ಎರಡೂ ಸಲ ನಾನು ಕೆಳಗಿಳಿಯದೆ ಸೀಟ್ ಬೆಲ್ಟಿನಲ್ಲೇ ಕೂತಿದ್ದೆ. ಗಿರೀಶ ಮತ್ತು ಅನಿಕಾ ಅಂಗಡಿಯ ಹತ್ತಿರವೇ ಕಾಯುತ್ತಿದ್ದರು.

ಲಾಂಡ್ರಿ ಒಂದರ ಪಕ್ಕದ ಸಣ್ಣ ಅಂಗಡಿ. ಗಾಜಿನ ಪೆಟ್ಟಿಗೆಯಲ್ಲಿ ಹತ್ತಾರು ಬಗೆಯ ಪಲ್ಯಗಳು, ಮಸಾಲೆ ಸವರಿದ ಎಲೆಗಳು, ಮೊಳಕೆಕಾಳುಗಳು. ಕಿಮ್ಚಿ ಹಾಕುವ ಹಂಗಾಮು. ಒಳಗಿನ ಕೋಣೆಯಲ್ಲಿ ಉಪ್ಪು ಹಚ್ಚಿದ ಕೋಸು ಗುಡ್ಡದಷ್ಟು ಬಿದ್ದಿತ್ತು. ಗಲ್ಲಾದ ಹಿಂದೆ ಗುಂಗುರು ಕೂದಲಿನ, ಏಪ್ರನ್ ಕಟ್ಟಿದ ಹೆಂಗಸು. ಅವಳೇ ಮಗಳು. ಶಾಲಿನಿ ಬಾಗಿ ವಂದಿಸಿ ತನ್ನ ಹೆಸರು ಹೇಳಿದಳು. ಹೆಂಗಸಿನ ಮುಖ ಬಿಗಿಯಿತು.

ಮುಂದಿನದನ್ನೆಲ್ಲ ಅನಿಕಾ ನನ್ನ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಪಿಸುಗುಟ್ಟುತ್ತ ಹೋದಳು.

"ಬರೆಯುವವಳು ನೀನೇ ಅಲ್ಲವಾ?" ಎಂದಳು ಮಗಳು. "ಅಮ್ಮನಿಗೆ ಕೆಲಸವಿದೆ. ಏನು ಬೇಕೋ ತಗೊಂಡು ಹೋಗು."

ಶಾಲಿನಿ ಅಲ್ಲಿಂದ ಕದಲಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಒಂದು ಗಟ್ಟಿ ದನಿ ಏನೋ ಕೇಳಿತು. ಗೋಡೆ ಹಿಡಿದುಕೊಂಡು, ಮೊಣಕೈವರೆಗೆ ಕೆಂಪು ಮಸಾಲೆ ಮೆತ್ತಿಕೊಂಡು, ಗಿಡ್ಡ ಮುದುಕಿ ಹೊರಗೆ ಬಂದಳು. ಎಷ್ಟೋ ಬರಹಗಳಲ್ಲಿ ಓದಿದ್ದ ಹಲ್ಮೊನಿ ನನ್ನ ಮುಂದೆಯೇ ನಿಂತಿದ್ದಳು. ಶಾಲಿನಿಯನ್ನು ಮೇಲಿಂದ ಕೆಳಗೆ ನೋಡಿದಳು. ಹತ್ತಿರ ಬಂದು, ಮಸಾಲೆಯ ಕೈಯನ್ನು ಪಕ್ಕಕ್ಕೆ ಹಿಡಿದು, ಮೊಣಕೈಯಿಂದಲೇ ಅವಳ ಬೆನ್ನಿಗೆ ಒಂದು ಗುದ್ದು ಕೊಟ್ಟಳು.

"ಊರು ಬಿಡುವ ದಿನ ಲಿಫ್ಟು ಮೂರನೇ ಮಹಡಿಯಲ್ಲಿ ಯಾಕೆ ನಿಲ್ಲಲಿಲ್ಲ? ನಿನ್ನ ಡಬ್ಬಿಗೆ ಕಿಮ್ಚಿ ತುಂಬಿಸಿಕೊಂಡು ಬಾಗಿಲಲ್ಲೇ ನಿಂತಿದ್ದೆ. ಮೇಲಿಂದ ಇಳಿದು ಸೀದಾ ಕೆಳಗೆ ಹೋಯಿತು!"

ಶಾಲಿನಿ ಅಳತೊಡಗಿದಳು. ಮಗಳು ಮಧ್ಯೆ ಬಾಯಿ ಹಾಕಿದಳು. "ಅಮ್ಮಾ, ಇವಳು ನಿನ್ನ ಬಗ್ಗೆ ಏನು ಬರೆದಳು ಅನ್ನೋದು ಮರೆತೆಯಾ?"

"ನಿನ್ನ ಫೋನು ಹೇಳಿದ್ದು ಕೇಳಿದ್ದೇನೆ" ಎಂದಳು ಹಲ್ಮೊನಿ. "ಇವಳು ಹೇಳಿದ್ದು ಕೇಳಿಲ್ಲ. ಓದಲಿ."

ಶಾಲಿನಿ ತನ್ನ ಮೊಬೈಲಿನಲ್ಲಿ ಉಳಿಸಿಕೊಂಡಿದ್ದ ಆ ಬರಹ ತೆರೆದಳು. ಎರಡು ಸಾಲು ಓದುವಷ್ಟರಲ್ಲಿ ಮತ್ತೆ ಅಳು ಬಂತು. ನಾನು ಫೋನು ಇಸಿದುಕೊಂಡು ಓದಿದೆ. ಪ್ರತಿ ಸಾಲಿಗೂ ನಿಲ್ಲಿಸಿದೆ. ಅನಿಕಾ ಒಂದು ಗಳಿಗೆ ಕಣ್ಣು ಮುಚ್ಚಿ, ಕೊರಿಯನ್‌ನಲ್ಲಿ ಹೇಳಿದಳು. ಕನ್ನಡದಿಂದ ನೇರ ಕೊರಿಯನ್‌ಗೆ. ನಡುವೆ ಇಂಗ್ಲಿಷಿನ ಸುಳಿವೂ ಇಲ್ಲ. ಬಾಗಿಲ ಬಳಿ ನಿಂತಿದ್ದ ಗಿರೀಶ ಮಗಳನ್ನೇ ನೋಡುತ್ತಿದ್ದ. ಕೊಳ್ಳಲು ಬಂದ ಇಬ್ಬರು ಹೆಂಗಸರೂ ಬುಟ್ಟಿ ಹಿಡಿದು ನಿಂತರು.

ತಲೆ ತಿನ್ನುವ ಸಾಲು ಬಂತು. ಅನಿಕಾ ತಡೆದಳು. "ಅತ್ತೆ, ಇದು ಬೈಯೋದಾ?" ಎಂದು ಕೇಳಿದಳು. ನನ್ನೊಂದಿಗೆ ಅವಳು ಆಡಿದ ಮೊದಲ ಕನ್ನಡದ ಮಾತು ಅದು. ಗಡಿಬಿಡಿಯಲ್ಲಿ ಅವಳಿಗೇ ಗೊತ್ತಾಗಿರಲಿಲ್ಲ.

"ಬೈಯೂದಲ್ಲ. ಹೇಳಿದ್ದನ್ನ ಹೇಳಿ ಹೇಳಿ ಬೆನ್ನ ಹತ್ತೂದು. ಪ್ರೀತಿ ಇದ್ದವರ ಹತ್ರನ ಹಂಗ ಮಾಡ್ತಾರ. ನಿಮ್ಮಪ್ಪ ನಿನಗ ಮಾಡ್ತಾನಲ್ಲ, ಹಂಗ."

"ಓ!" ಎಂದಳು. ಕೊರಿಯನ್‌ನಲ್ಲಿ ಉದ್ದಕ್ಕೆ ವಿವರಿಸಿದಳು. ಹಲ್ಮೊನಿ ಕೇಳುತ್ತ ಕೇಳುತ್ತ ಕೋಸಿನ ಡಬ್ಬದ ಮೇಲೆ ಕುಸಿದು ಕೂತು ನಗಲಾರಂಭಿಸಿದಳು. ಬುಟ್ಟಿಯ ಹೆಂಗಸರೂ ನಕ್ಕರು.

"ಅದಕ್ಕೇನಂತೆ?" ಎಂದಳು ಹಲ್ಮೊನಿ ಮಗಳ ಕಡೆ ತಿರುಗಿ. "ನಾವು ಬೈಗುಳ ತಿನ್ನುತ್ತೇವೆ, ಸೆಕೆ ತಿನ್ನುತ್ತೇವೆ, ವರ್ಷಕ್ಕೊಂದರಂತೆ ವಯಸ್ಸನ್ನೂ ತಿನ್ನುತ್ತೇವೆ. ಇವರು ತಲೆ ತಿನ್ನುತ್ತಾರೆ. ಉಪ್ಪು ಮಾತ್ರ ನಿಜವಾಗಿಯೂ ಕಡಿಮೆಯಿತ್ತು."

ಕೊರಿಯನ್ನರು ವಯಸ್ಸಾಯಿತು ಅನ್ನುವುದಿಲ್ಲವಂತೆ. ವಯಸ್ಸು ತಿಂದೆ ಅನ್ನುತ್ತಾರಂತೆ. ನಾವೂ ಏಟು ತಿನ್ನುವವರು, ಬೈಗುಳ ತಿನ್ನುವವರು, ಲಂಚ ತಿನ್ನುವವರು. ಎರಡು ಭಾಷೆಗೂ ಹೊಟ್ಟೆ ದೊಡ್ಡದೇ.

ಮಗಳು ಮಾತ್ರ ನಕ್ಕಿರಲಿಲ್ಲ. ನಾನು ಮುಂದೆ ಓದಿದೆ: 'ಭಾನುವಾರ ಬೆಳಿಗ್ಗೆ ಅಜ್ಜಿ ನಮ್ಮ ಮನೆಗೆ ಬರುವುದಿಲ್ಲ. ಆ ಹೊತ್ತಿಗೆ ಅಮೆರಿಕದಿಂದ ಮಗಳ ವಿಡಿಯೋ ಕರೆ ಬರುತ್ತದೆ. ಅದಕ್ಕಾಗಿ ಅಜ್ಜಿ ತುಟಿಗೆ ಬಣ್ಣ ಹಚ್ಚಿಕೊಳ್ಳುತ್ತಾರೆ. ಸೊಂಟನೋವಿದ್ದರೂ ನೆಟ್ಟಗೆ ಕೂರುತ್ತಾರೆ. ಅಮ್ಮ ಚೆನ್ನಾಗಿದ್ದಾಳೆ ಎಂದು ಮಗಳಿಗೆ ಅನಿಸಬೇಕಲ್ಲ ಎನ್ನುತ್ತಾರೆ.'

ಅನಿಕಾ ಅದನ್ನು ಮೆಲ್ಲಗೆ ಹೇಳಿ ಮುಗಿಸಿದಳು. ಮಗಳು ಇಷ್ಟರವರೆಗೆ ಓದಿರಲೇ ಇಲ್ಲ. ತಲೆ ತಿಂದಲ್ಲಿಗೇ ಸಿಟ್ಟು ಬಂದು ನಿಲ್ಲಿಸಿದ್ದಳಂತೆ. ಅವಳು ತಾಯಿಯ ಕಡೆ ನೋಡಿದಳು. ಹಲ್ಮೊನಿ ಕೋಸಿನ ಎಲೆಯೊಂದನ್ನು ಹಿಡಿದು, ಅದರಲ್ಲೇನೋ ಹುಳ ಹುಡುಕುವವಳಂತೆ ತಲೆ ತಗ್ಗಿಸಿದ್ದಳು. ಮಗಳು ಒಳಗೆ ಹೋದಳು. ತುಂಬ ಹೊತ್ತು ನಲ್ಲಿಯ ನೀರಿನ ಸದ್ದು ಕೇಳಿಸಿತು.

ಹೊರಗೆ ಬಂದವಳು ಮೇಜು ಒರೆಸಿದಳು. ಅನ್ನ ಬಂತು, ಒಂದರ ಹಿಂದೊಂದು ಪುಟ್ಟ ತಟ್ಟೆಗಳು ಬಂದವು. ಮೀನಿನ ರಸವಿಲ್ಲದವನ್ನು ಹಲ್ಮೊನಿಯೇ ಆರಿಸಿ ಶಾಲಿನಿಯ ಮುಂದೂ ನನ್ನ ಮುಂದೂ ಇಟ್ಟಳು. ಅದರಲ್ಲಿ ಒಂದು ಪಲ್ಯಕ್ಕೆ ಉದುರಿಸಿದ ಪುಡಿ ನಮ್ಮ ಗುರೆಳ್ಳು ಪುಡಿಯ ಖಾಸಾ ತಂಗಿ. ಉದ್ದನೆಯ ಕಿಮ್ಚಿಯನ್ನು ಮಗಳು ಕತ್ತರಿಯಿಂದ ಕಚಕಚ ಕತ್ತರಿಸಿ ತಟ್ಟೆಗೆ ಹಾಕಿದಳು. ನಮ್ಮ ಮನೆಯಲ್ಲಿ ಕತ್ತರಿಗೆ ಹಾಲಿನ ಪಾಕೀಟಿನ ಆಚೆಗೆ ಪ್ರವೇಶವಿಲ್ಲ. ಇಲ್ಲಿ ಅದು ಪಂಕ್ತಿಯಲ್ಲೇ ಕೂತಿತ್ತು. ಗಿರೀಶ ಎರಡನೇ ಸಲ ಅನ್ನ ಹಾಕಿಸಿಕೊಂಡ. ಮಾತಿನಲ್ಲಿ ಮಾತು ಬಂದು ನನ್ನ ಕಸುಬು ಗೊತ್ತಾಗಿ, ಹಲ್ಮೊನಿ ಸೊಂಟ ತೋರಿಸಿದಳು. ಹೀಗೆ ಕೂರಬೇಡಿ, ಗಿಡ್ಡ ಸ್ಟೂಲು ಬೇಡ, ಭಾರ ಎತ್ತಬೇಡಿ, ದಿನಾ ಈ ವ್ಯಾಯಾಮ ಮಾಡಿ ಎಂದು ನಾನು ಹೇಳುತ್ತ ಹೋದೆ. ಅವಳು ಅನಿಕಾಳನ್ನು ತಡೆದು ಏನೋ ಕೇಳಿ ಕಲಿತು, ನನ್ನತ್ತ ಬೆರಳು ತೋರಿಸಿ ಕನ್ನಡದಲ್ಲೇ ಹೇಳಿದಳು:

"ತಲೆ ತಿಂತಾಳೆ."

ಎಲ್ಲರಿಗಿಂತ ಜೋರಾಗಿ ನಕ್ಕವಳು ಮಗಳು.

ಹೊರಡುವ ಹೊತ್ತಾಯಿತು. ಶಾಲಿನಿ ಎಲ್ಲರಿಗೂ ಬಾಗಿ ವಂದಿಸಿ, ಮತ್ತೆ ಕಣ್ಣೊರೆಸಿಕೊಳ್ಳುತ್ತ ಬಾಗಿಲ ಬಳಿ ಬಂದಳು. ಹಿಂದಿನಿಂದ ಏನೋ ಹಾರಿ ಬಂದು ಅವಳ ಎದೆಗೆ ತಾಗಿತು. ಒಂದು ಜೊತೆ ಕೆಂಪು ರಬ್ಬರ್ ಗ್ಲೌಸು. ಗಲ್ಲಾದ ಹಿಂದೆ ಮಗಳು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಅಲ್ಲಿ ನಿಂತು ಅಳುವ ಬದಲು ಕೆಲಸ ಮಾಡು ಅಂತಿದಾರೆ" ಎಂದು ಶಾಲಿನಿಯೇ ನನಗೆ ಅರ್ಥ ಹೇಳಿದಳು. "ಅಷ್ಟು ಕೋಸು ಇವತ್ತೇ ಮುಗೀಬೇಕಂತೆ. ಗಂಗಕ್ಕ, ನೀವು ಗಿರೀಶ್ ಅವರ ಜೊತೆ ಹೊರಡಿ. ನಾನು ಸಂಜೆ ಡ್ರೈವ್ ಮಾಡ್ಕೊಂಡು ಹೋಗ್ತೀನಿ. ಮನೆಗೆ ಫೋನ್ ಮಾಡ್ತೀನಿ."

ಗಿರೀಶ ಕಾರು ತಿರುಗಿಸುವಾಗ ಅಂಗಡಿಯ ಗಾಜಿನೊಳಗೆ ನೋಡಿದೆ. ಮೂವರೂ ಕೋಸಿನ ಗುಡ್ಡದ ಸುತ್ತ ಕೂತಿದ್ದರು. ಹಲ್ಮೊನಿ ಶಾಲಿನಿಯ ಕೈಯಿಂದ ಒಂದು ಎಲೆ ಕಿತ್ತುಕೊಂಡು, ಬಾಯಿಗಿಟ್ಟು ರುಚಿ ನೋಡಿ, ಮುಖ ಕಿವುಚಿ, ಉಪ್ಪಿನ ಡಬ್ಬಿಯನ್ನು ಅವಳ ಕಡೆ ತಳ್ಳಿದಳು.